ಈಗ ಕೆಲಸದಲ್ಲಿದ್ದು, ಮುಂದೆ ಎಂ.ಡೆಸ್ ಮಾಡಬೇಕು ಅಂದುಕೊಂಡವರಿಗೆ: ಕಾಲೇಜು ಆರಿಸುವ ಬಗೆ

ದಸರಾ ಮುಗಿದು ದೀಪಾವಳಿ ಹತ್ತಿರ ಬಂತು ಅಂದರೆ ನನಗೆ ಫೋನುಗಳು ಶುರುವಾಗುತ್ತವೆ. ಐಐಟಿ ಮುಂತಾದ ಕಡೆ ಎಂ.ಡೆಸ್, ಅಂದರೆ ಡಿಸೈನಿನ ಸ್ನಾತಕೋತ್ತರ ಪದವಿ, ಸೇರಲು ಬರೆಯುವ ಸೀಡ್ ಪರೀಕ್ಷೆಗೆ, ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಪರೀಕ್ಷೆಗೆ ಅರ್ಜಿ ಹಾಕುವ ಕಾಲ ಅದು. ಪರಿಚಯದವರ ತಮ್ಮ, ಹಳೆಯ ಆಫೀಸಿನ ಗೆಳತಿ, ಊರಿನ ಕಡೆಯ ಯಾರೋ ಒಬ್ಬರು. ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಎನ್‌ಐಡಿ ಒಳ್ಳೆಯದಾ, ಐಐಟಿ ಒಳ್ಳೆಯದಾ?" ಹೋದ ವರ್ಷ ಹಾಗೆ ಕೇಳಿದವನು ದಾವಣಗೆರೆಯ ಹುಡುಗ, ಪೀಣ್ಯದ ಒಂದು ಕಾರ್ಖಾನೆಯಲ್ಲಿ 4 ವರ್ಷದಿಂದ ಫಿಕ್ಸ್‌ಚರ್ (ಯಂತ್ರದಲ್ಲಿ ಬಿಡಿಭಾಗವನ್ನು ಅಲ್ಲಾಡದಂತೆ ಹಿಡಿಯುವ ಸಾಧನ) ಡ್ರಾಯಿಂಗ್ ಮಾಡುತ್ತಿದ್ದ. ನಾನು ತಿರುಗಿ ಕೇಳಿದೆ. "ಓದೆಲ್ಲ ಮುಗಿದ ಮೇಲೆ, ಬೆಳಿಗ್ಗೆ ಕೆಲಸಕ್ಕೆ ಕೂತಾಗ ನಿನ್ನ ಮೇಜಿನ ಮೇಲೆ ಏನಿರಬೇಕು?" ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಜೇಡಿಮಣ್ಣಿನದೋ ಥರ್ಮಾಕೋಲಿನದೋ ಒಂದು ಮಾಡೆಲ್ ಇರಬೇಕು ಅಕ್ಕಾ, ಬರೀ ಲ್ಯಾಪ್‌ಟಾಪ್ ಸಾಕಾಗಿದೆ" ಅಂದ. ಅರ್ಧ ಆಯ್ಕೆ ಅಲ್ಲೇ ಮುಗಿದಿತ್ತು.

ನಾನು 6 ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, 29ನೇ ವಯಸ್ಸಿಗೆ ಎಂ.ಡೆಸ್ ಸೇರಿದವಳು. ಈಗ ಒಂದು ಡಿಸೈನ್ ತಂಡದಲ್ಲಿದ್ದೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಅವರ ಪೋರ್ಟ್‌ಫೋಲಿಯೋ, ಅಂದರೆ ಮಾಡಿದ ಕೆಲಸಗಳ ಸಂಗ್ರಹ, ನೋಡುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಹಾಗಾಗಿ ಸೀಟಿಗಾಗಿ ಕಾದು ಕೂತವರ ಕಡೆಯಿಂದಲೂ ಗೊತ್ತು, ಕೆಲಸ ಕೊಡುವವರ ಕಡೆಯಿಂದಲೂ ಗೊತ್ತು. ಎರಡೂ ಕಡೆ ಕಂಡದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಾಲೇಜಿನ ಹೆಸರಿನಿಂದ ಹುಡುಕಾಟ ಶುರು ಮಾಡಬೇಡಿ. ಆ ಕಾಲೇಜಿನಿಂದ ಹೊರಗೆ ಬಂದವರು ಕೊನೆಯ ವರ್ಷ ಏನು ಮಾಡಿದರು, ಈಗ ಏನು ಮಾಡುತ್ತಿದ್ದಾರೆ, ಅಲ್ಲಿಂದ ಶುರು ಮಾಡಿ.

ದಾರಿ ಬದಲಾಯಿಸಬೇಕಾ, ಇರುವ ದಾರಿಯಲ್ಲೇ ಮುಂದೆ ಹೋಗಬೇಕಾ

ಇವೆರಡೂ ಬೇರೆ ಬೇರೆ ಅಗತ್ಯಗಳು. ಆದರೆ ಎಲ್ಲರೂ ಒಂದೇ ಪಟ್ಟಿ ಹಿಡಿದು ಹುಡುಕುತ್ತಾರೆ.

ನೀವು ಇಂಜಿನಿಯರ್, ಆರ್ಕಿಟೆಕ್ಟ್, ಮೇಷ್ಟ್ರು, ಪತ್ರಕರ್ತೆ, ಯಾರೋ ಆಗಿದ್ದು ಈಗ ಡಿಸೈನಿಗೆ ಬರಬೇಕು ಅಂತಿದ್ದರೆ ನಿಮಗೆ ಮುಖ್ಯವಾಗಿ ಬೇಕಾಗಿರುವುದು ಸಮಯ. ಕೈ ಪಳಗಬೇಕು, ಕಣ್ಣು ಪಳಗಬೇಕು, ಮಾಡಿದ್ದನ್ನು ಎಲ್ಲರೆದುರು ಗೋಡೆಗೆ ಅಂಟಿಸಿ ಟೀಕೆ ಕೇಳಿಸಿಕೊಂಡು ಮರುದಿನ ಮತ್ತೆ ಮಾಡುವ ಅಭ್ಯಾಸ ಆಗಬೇಕು. 9 ತಿಂಗಳಲ್ಲೋ 1 ವರ್ಷದಲ್ಲೋ ಇದು ಬಹಳ ಜನರಿಗೆ ಆಗುವುದಿಲ್ಲ. ನಮ್ಮ ಐಐಟಿಗಳ ಎಂ.ಡೆಸ್ 2 ವರ್ಷ, ಎನ್‌ಐಡಿಯದು ಎರಡೂವರೆ ವರ್ಷ. ಆ ಹೆಚ್ಚಿನ ಅರ್ಧ ವರ್ಷ ಕೆಲವರಿಗೆ ಭಾರ, ಹೊಸದಾಗಿ ಬರುವವರಿಗೆ ವರ.

ಈಗಾಗಲೇ ಡಿಸೈನರ್ ಆಗಿದ್ದು ಮೇಲಿನ ಹುದ್ದೆಗೆ ಹೋಗಬೇಕು, ತಂಡ ನಡೆಸಬೇಕು ಅನ್ನುವವರ ಕಥೆ ಬೇರೆ. ಅವರು ಮತ್ತೆ ಮೊದಲ ಸೆಮಿಸ್ಟರ್‌ನಲ್ಲಿ ಬಣ್ಣದ ಚಕ್ರ ಬರೆಯುತ್ತಾ ಕೂತರೆ ಬೇಜಾರಾಗುತ್ತದೆ. ಅಂಥವರು ಎನ್‌ಐಡಿ ಗಾಂಧಿನಗರದ ಸ್ಟ್ರಾಟೆಜಿಕ್ ಡಿಸೈನ್ ಮ್ಯಾನೇಜ್‌ಮೆಂಟ್ ತರಹದ್ದನ್ನು ನೋಡಬಹುದು. ಶಿಕಾಗೋದ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಎಂ.ಡೆಸ್ ಜೊತೆಗೆ ಎಂಬಿಎ ಸೇರಿಸಿ ಮಾಡುವ ದಾರಿ ಇದೆ. 1937ರಲ್ಲಿ ಕಲಾವಿದ ಮೊಹೊಲಿ-ನಾಜ್ ನ್ಯೂ ಬೌಹೌಸ್ ಅಂತ ಶುರು ಮಾಡಿದ ಶಾಲೆಯೇ ಬೆಳೆದು ಇವತ್ತಿನ ಆ ಸಂಸ್ಥೆ ಆಗಿದ್ದು. ಮೇಲೇರಬೇಕು ಅನ್ನುವವರಲ್ಲಿ ಎಷ್ಟೋ ಜನರಿಗೆ ಡಿಗ್ರಿಯೇ ಬೇಕಿಲ್ಲ ಅನ್ನುವುದನ್ನೂ ಪ್ರೀತಿಯಿಂದಲೇ ಹೇಳುತ್ತೇನೆ. ಅವರಿಗೆ ಬೇಕಿರುವುದು ದೊಡ್ಡದೊಂದು ಪ್ರಾಜೆಕ್ಟಿನ ಹೊಣೆ. ಅದು ಈಗಿನ ಕಂಪನಿಯಲ್ಲಿ ಸಿಗದಿದ್ದರೆ ಪಕ್ಕದ ಕಂಪನಿಯಲ್ಲಿ ಸಿಗಬಹುದು, ಅದಕ್ಕೆ 2 ವರ್ಷದ ಸಂಬಳ ಬಿಡಬೇಕಾಗಿಲ್ಲ.

ಇನ್ನೊಂದು ಗುಂಪಿದೆ. ಇರುವ ಕೆಲಸ ಸಾಕಾಗಿದೆ, ಮ್ಯಾನೇಜರ್ ಕಾಟ, ಹಾಗಾಗಿ ಎಲ್ಲಾದರೂ ಓದಲು ಹೋಗೋಣ ಅನ್ನುವವರು. ದಯವಿಟ್ಟು ಮೊದಲು ಒಂದು ತಿಂಗಳು ರಜೆ ಹಾಕಿ. ದಣಿವು ಆರಿದ ಮೇಲೂ ಡಿಸೈನ್ ಬೇಕು ಅನ್ನಿಸಿದರೆ ಆಗ ಅರ್ಜಿ ತುಂಬಿ.

ಅರ್ಜಿಗೆ ಮೊದಲು ಮೂರು ಶನಿವಾರ

ಫೀಸು ಕಟ್ಟುವ ಮೊದಲು ಈ ಕೆಲಸ ನಿಮಗೆ ಹಿಡಿಸುತ್ತದಾ ಅಂತ ಸ್ವಂತ ಪರೀಕ್ಷೆ ಮಾಡಿಕೊಳ್ಳಬಹುದು. ಮೊದಲ ಶನಿವಾರ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೋಗಿ. ನಿಮ್ಮ ಊರಿನ ಬಸ್ ನಿಲ್ದಾಣವೂ ಆಗುತ್ತದೆ, ತಾಲ್ಲೂಕು ಕಚೇರಿಯೂ ಆಗುತ್ತದೆ, ಜಿಲ್ಲಾಸ್ಪತ್ರೆಯ ಚೀಟಿ ಕೌಂಟರೂ ಆಗುತ್ತದೆ. 2 ಗಂಟೆ ಸುಮ್ನೆ ನಿಂತು ನೋಡಿ. ಜನ ಎಲ್ಲಿ ತಡವರಿಸುತ್ತಾರೆ, ಯಾರನ್ನು ಕೇಳುತ್ತಾರೆ, ಬೋರ್ಡು ಕಣ್ಣೆದುರೇ ಇದ್ದರೂ ಯಾಕೆ ಓದುವುದಿಲ್ಲ, ಓದು ಬಾರದವರು ಹೇಗೆ ದಾರಿ ಕಂಡುಕೊಳ್ಳುತ್ತಾರೆ. ಬರೆದುಕೊಳ್ಳಿ, ಚಿತ್ರ ಹಾಕಿಕೊಳ್ಳಿ. ಎರಡನೇ ಶನಿವಾರ ಒಂದೇ ಒಂದು ಚಿಕ್ಕ ತೊಂದರೆ ಆರಿಸಿಕೊಂಡು ಕಾಗದ, ರಟ್ಟು, ಮಾರ್ಕರ್ ಪೆನ್ನಿನಿಂದ ಅದಕ್ಕೊಂದು ಉಪಾಯ ಮಾಡಿ. ಕಂಪ್ಯೂಟರ್ ಬೇಡ. ಮೂರನೇ ಶನಿವಾರ ಅದನ್ನು 5 ಜನ ಅಪರಿಚಿತರಿಗೆ ತೋರಿಸಿ, ನೀವೇನೂ ವಿವರಿಸದೆ, ಅವರಿಗೆ ಅರ್ಥವಾಗುತ್ತದಾ ನೋಡಿ. ಆಗುವುದಿಲ್ಲ. ಮೊದಲ ಸಲ ಯಾರದ್ದೂ ಆಗುವುದಿಲ್ಲ. ಆಗ ನಿಮಗೆ ಏನನ್ನಿಸುತ್ತದೆ ಅನ್ನುವುದೇ ಮುಖ್ಯ. "ಮನೆಗೆ ಹೋಗಿ ಹೀಗೆ ಬದಲಾಯಿಸಿ ನೋಡಬೇಕು" ಅಂತ ಕೈ ತುರಿಸಿದರೆ ನೀವು ಈ ಕಡೆಯವರು. "ಜನಕ್ಕೆ ತಿಳಿಯೋದಿಲ್ಲ" ಅಂತ ಸಿಟ್ಟು ಬಂದರೆ ಇನ್ನೊಮ್ಮೆ ಯೋಚಿಸಿ.

ಇದರ ಜೊತೆಗೆ ಡಿ'ಸೋರ್ಸ್ ತಾಣ ನೋಡಿ. ಐಐಟಿ ಬಾಂಬೆಯ ಡಿಸೈನ್ ಶಾಲೆ ಐಡಿಸಿ, ಎನ್‌ಐಡಿ, ಐಐಟಿ ಗುವಾಹಟಿ ಸೇರಿ ಕಟ್ಟಿದ್ದು, ಪೂರ್ತಿ ಉಚಿತ. ಪಾಠಗಳಿವೆ, ಕರಕುಶಲ ಕೆಲಸಗಳ ದಾಖಲೆಗಳಿವೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲೂ ಡಿಸೈನ್ ಪಾಠಗಳಿವೆ. ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೋರ್ಸ್ ಸೇರುವ ಮೊದಲು ಇವನ್ನು ಮುಗಿಸಿ.

ಡಿಸೈನ್ ಅನ್ನುವುದು ಒಂದೇ ಕಸುಬಲ್ಲ

ವೈದ್ಯಕೀಯದಲ್ಲಿ ಹಲ್ಲಿನ ಡಾಕ್ಟರು ಬೇರೆ, ಮೂಳೆ ಡಾಕ್ಟರು ಬೇರೆ ಅಲ್ವಾ, ಇಲ್ಲೂ ಹಾಗೇ. ಎಂ.ಡೆಸ್ ಸೇರುವಾಗಲೇ ವಿಭಾಗ ಆರಿಸಬೇಕು, ಒಳಗೆ ಹೋದ ಮೇಲೆ ಬದಲಾಯಿಸುವುದು ಕಷ್ಟ. ಹಾಗಾಗಿ ಕಾಲೇಜಿಗಿಂತ ವಿಭಾಗದ ಆಯ್ಕೆಗೆ ಜಾಸ್ತಿ ಸಮಯ ಕೊಡಿ.

ವಸ್ತು ಮಾಡುವುದು ಇಷ್ಟ ಇದ್ದವರಿಗೆ ಇಂಡಸ್ಟ್ರಿಯಲ್ ಡಿಸೈನ್ ಅಥವಾ ಪ್ರಾಡಕ್ಟ್ ಡಿಸೈನ್. ಎಂಜಿನಿಯರಿಂಗ್ ಓದಿದವರಿಗೆ ನಮ್ಮ ಬೆಂಗಳೂರಿನಲ್ಲೇ ಐಐಎಸ್‌ಸಿಯ ಎಂ.ಡೆಸ್ ಇದೆ. ಹಳಬರು ಈಗಲೂ ಸಿಪಿಡಿಎಂ ಅಂತಲೇ ಕರೆಯುವ ವಿಭಾಗ ಅದು. ಬಾಂಬೆ ಐಐಟಿಯ ಐಡಿಸಿ ಶುರುವಾಗಿದ್ದು 1969ರಲ್ಲಿ. ಅಲ್ಲಿ ಇಂಡಸ್ಟ್ರಿಯಲ್, ಕಮ್ಯುನಿಕೇಶನ್, ಅನಿಮೇಶನ್, ಇಂಟರಾಕ್ಷನ್ (ಆ್ಯಪ್, ಯಂತ್ರಗಳನ್ನು ಜನ ಬಳಸುವ ಬಗೆಯ ವಿನ್ಯಾಸ), ಮೊಬಿಲಿಟಿ (ವಾಹನ) ವಿಭಾಗಗಳಿವೆ. ನಾವೆಲ್ಲ ವೋಟು ಹಾಕುವ ಮತಯಂತ್ರದ ರೂಪ ಐಡಿಸಿಯ ಮೇಷ್ಟ್ರುಗಳಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರದ್ದು. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬಿಇಎಲ್. ಓದು ಬಾರದ ಅಜ್ಜಿಯೂ ಚಿಹ್ನೆ ನೋಡಿ ಒಂದು ಗುಂಡಿ ಒತ್ತಿ ಬರುತ್ತಾರೆ. ಪ್ರಾಡಕ್ಟ್ ಡಿಸೈನ್ ಅಂದರೆ ಏನು ಅಂತ ಮನೆಯಲ್ಲಿ ಕೇಳಿದರೆ ನಾನು ಕೊಡುವ ಉದಾಹರಣೆ ಇದು. ಅಪ್ಪನಿಗೆ ಒಂದೇ ನಿಮಿಷದಲ್ಲಿ ಅರ್ಥವಾಯಿತು.

ಅಹಮದಾಬಾದಿನ ಎನ್‌ಐಡಿ 1961ರದ್ದು. ಬಟ್ಟೆ, ಪೀಠೋಪಕರಣ, ಪಿಂಗಾಣಿ ಮತ್ತು ಗಾಜು, ಗ್ರಾಫಿಕ್, ಅನಿಮೇಶನ್, ಸಿನಿಮಾ, ಇವೆಲ್ಲ ಅಹಮದಾಬಾದಿನಲ್ಲಿ. ವಾಹನ, ಆಟಿಕೆ, ಉಡುಪು ಗಾಂಧಿನಗರದಲ್ಲಿ. ಇಂಟರಾಕ್ಷನ್, ಇನ್‌ಫರ್ಮೇಶನ್, ಯೂನಿವರ್ಸಲ್ ಡಿಸೈನ್ (ಎಲ್ಲರೂ ಬಳಸಲು ಆಗುವಂತೆ ಮಾಡುವುದು), ಡಿಜಿಟಲ್ ಗೇಮ್, ರೀಟೇಲ್, ಇವು ಬೆಂಗಳೂರಿನ ಕ್ಯಾಂಪಸ್ಸಿನಲ್ಲಿ. ಎನ್‌ಐಡಿ ಅಂದರೆ ಅಹಮದಾಬಾದಿನ ಆ ಇಟ್ಟಿಗೆಯ ಕಟ್ಟಡ ಅಂತಲೇ ಕನಸು ಕಟ್ಟಿಕೊಂಡು, ಅರ್ಜಿಯಲ್ಲಿ ಇಂಟರಾಕ್ಷನ್ ಅಂತ ಬರೆದು, ಸೀಟು ಸಿಕ್ಕ ಮೇಲೆ ತುಮಕೂರು ರಸ್ತೆಗೆ ಬರಬೇಕು ಅಂತ ತಿಳಿದು ಪೆಚ್ಚಾದವರನ್ನು ಕಂಡಿದ್ದೇನೆ. ನಮ್ಮವರಿಗೆ ಅದು ಅನುಕೂಲವೇ, ಆದರೂ ಮೊದಲೇ ಗೊತ್ತಿರಲಿ.

ಬೆಂಗಳೂರಿನಲ್ಲಿ ಇನ್ನೂ ಇವೆ. ಎಚ್‌ಎಸ್‌ಆರ್ ಲೇಔಟಿನ ಫ್ಯಾಷನ್ ಸಂಸ್ಥೆ ನಿಫ್ಟ್, ಯಲಹಂಕದಲ್ಲಿ 1996ರಿಂದ ಇರುವ ಖಾಸಗಿ ಡಿಸೈನ್ ಕಾಲೇಜು ಸೃಷ್ಟಿ. ಈಗ ಹೆಚ್ಚಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಡಿಸೈನ್ ವಿಭಾಗ ಬಂದಿದೆ. ಖಾಸಗಿ ಅಂದ ಮಾತ್ರಕ್ಕೆ ಕಡಿಮೆ ಅಲ್ಲ. ಆದರೆ ಫೀಸು ಬಹಳ ಜಾಸ್ತಿ, ಹಾಗಾಗಿ ಕೇಳಬೇಕಾದ ಪ್ರಶ್ನೆಗಳೂ ಜಾಸ್ತಿ.

ಇಲ್ಲಿ ನನ್ನ ಮನಸ್ಸಿಗೆ ಹತ್ತಿರದ ಒಂದು ವಿಷಯ ಹೇಳಲೇಬೇಕು. ಅಕ್ಷರ ವಿನ್ಯಾಸ. ಕನ್ನಡದಲ್ಲಿ ಒಳ್ಳೆಯ ಫಾಂಟುಗಳು ಎಷ್ಟು ಕಡಿಮೆ ಇವೆ ಅಂತ ಮದುವೆ ಕಾಗದ ಮಾಡಿಸಿದವರಿಗೂ ಗೊತ್ತು. ಒತ್ತಕ್ಷರ ಕೆಳಗೆ ಎಲ್ಲಿ ಕೂರಬೇಕು, ತಲೆಕಟ್ಟು ಎಷ್ಟು ದಪ್ಪ ಇರಬೇಕು, ಮೊಬೈಲಿನ ಚಿಕ್ಕ ಪರದೆಯಲ್ಲಿ "ಕ್ಷ್ಮಿ" ಓದಲು ಬರುತ್ತದಾ, ಇವೆಲ್ಲ ಕನ್ನಡ ಓದಿ ಬೆಳೆದ ಕಣ್ಣು ಬೇಡುವ ಕೆಲಸ. ಐಡಿಸಿಯಲ್ಲಿ ಇದಕ್ಕೆ ಹಳೆಯ ಪರಂಪರೆ ಇದೆ. ಹೆಸರಾಂತ ಅಕ್ಷರ ವಿನ್ಯಾಸಕಾರ ಆರ್.ಕೆ. ಜೋಶಿ ಅಲ್ಲಿ ಪಾಠ ಮಾಡಿದವರು. ರೂಪಾಯಿ ಚಿಹ್ನೆ ಮಾಡಿದ ಉದಯಕುಮಾರ್ ಅಲ್ಲೇ ಓದಿದ್ದು. ಅವರ ಮೊದಲ ಡಿಗ್ರಿ ಆರ್ಕಿಟೆಕ್ಚರಿನಲ್ಲಿ, ಆಮೇಲೆ ಎಂ.ಡೆಸ್‌ಗೆ ಬಂದು ಅಕ್ಷರಗಳ ಹಿಂದೆ ಬಿದ್ದರು. ಅವರ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡಿದ್ದು 2010ರ ಜುಲೈ 15ರಂದು. ಹೊರದೇಶದಲ್ಲಾದರೆ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಟೈಪ್‌ಫೇಸ್ ಡಿಸೈನ್ ಎಂ.ಎ. ಇದಕ್ಕೆ ಹೆಸರಾದದ್ದು, ಅಲ್ಲಿ ಲ್ಯಾಟಿನ್ ಅಲ್ಲದ ಲಿಪಿಗಳಿಗೆ ನಿಜವಾದ ಮರ್ಯಾದೆ ಇದೆ. ನಿಮ್ಮಲ್ಲಿ ಯಾರಿಗಾದರೂ ಈ ಕಡೆ ಒಲವಿದ್ದರೆ ದಯವಿಟ್ಟು ಹೋಗಿ.

ಕಾಲೇಜನ್ನು ನೋಡುವ ಬಗೆ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ, ನಾನು ಪೆಟ್ಟು ತಿಂದು ಕಲಿತಿದ್ದು. ಮೊದಲ ವರ್ಷ ನನಗೆ ಎಲ್ಲೂ ಸೀಟು ಸಿಗಲಿಲ್ಲ. ಆಗ ಒಂದು ಖಾಸಗಿ ಕಾಲೇಜಿನ ಕರಪತ್ರ ನೋಡಿ, ಚಂದದ ಸ್ಟುಡಿಯೋ ಫೋಟೋ ನೋಡಿ, ಸೀಟು ಕಾದಿರಿಸಲು 50,000 ರೂಪಾಯಿ ಕಟ್ಟಿಬಿಟ್ಟೆ. ಆಮೇಲೆ ಒಂದು ದಿನ ನೋಡಲು ಹೋದೆ. ಫೋಟೋದಲ್ಲಿದ್ದ ವರ್ಕ್‌ಶಾಪ್ ನಿಜವಾಗಿಯೂ ಇತ್ತು, ಬೀಗ ಹಾಕಿತ್ತು. ಬೀಗ ತೆಗೆಸಿ ನೋಡಿದರೆ ಲೇತ್ ಯಂತ್ರದ ಮೇಲೆ ಹೊಸ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ನೆಲದ ಮೇಲೆ ಒಂದು ಮರದ ಚೂರಿಲ್ಲ. ಎಲ್ಲಾ ಮಕ್ಕಳೂ ಲ್ಯಾಪ್‌ಟಾಪಿನ ಮುಂದೆ ಇದ್ದರು. ಆ ದುಡ್ಡು ವಾಪಸ್ ಬರಲಿಲ್ಲ. ಅಂದಿನಿಂದ ನಾನು ಯಾರಿಗಾದರೂ ಹೇಳುವ ಮೊದಲ ಮಾತು: ನೆಲ ನೋಡಿ. ಕೆಲಸ ನಡೆಯುವ ವರ್ಕ್‌ಶಾಪಿನ ನೆಲದಲ್ಲಿ ಪುಡಿ ಇರುತ್ತದೆ, ಗೋಡೆಯ ಮೇಲೆ ಅರ್ಧ ಬರೆದ ಸ್ಕೆಚ್ಚುಗಳಿರುತ್ತವೆ, ಮೂಲೆಯಲ್ಲಿ ಹಾಳಾದ ಮಾಡೆಲ್ಲುಗಳ ರಾಶಿ ಇರುತ್ತದೆ. ಆ ರಾಶಿಯಷ್ಟು ನಿಜ ಹೇಳುವುದು ಬೇರೊಂದಿಲ್ಲ.

ವರ್ಕ್‌ಶಾಪ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಅಂತ ಕೇಳಿ. ಸಂಜೆ 5ಕ್ಕೆ ಮುಚ್ಚುತ್ತದೆ ಅಂದರೆ ಅನುಮಾನಪಡಿ, ಡಿಸೈನ್ ಕೆಲಸ ಜೋರಾಗುವುದೇ ಆಮೇಲೆ.

ಮುಂದಿನದು ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟುಗಳು. ಎನ್‌ಐಡಿ ತನ್ನ ವಿದ್ಯಾರ್ಥಿಗಳ ಪದವಿ ಪ್ರಾಜೆಕ್ಟುಗಳನ್ನು ಪುಸ್ತಕವಾಗಿ ತರುತ್ತದೆ. ಐಡಿಸಿ ಪದವಿ ಪ್ರದರ್ಶನ ನಡೆಸುತ್ತದೆ. ಬೇರೆ ಕಾಲೇಜುಗಳ ಮಕ್ಕಳು ತಮ್ಮ ಕೆಲಸಗಳನ್ನು ಬಿಹಾನ್ಸ್ ಅನ್ನುವ ತಾಣದಲ್ಲಿ ಹಾಕಿರುತ್ತಾರೆ. ಒಂದೇ ವಿಭಾಗದ 10 ಪ್ರಾಜೆಕ್ಟು ಒಟ್ಟಿಗೆ ನೋಡಿ. ಕೊನೆಯ ಹೊಳೆಯುವ ಚಿತ್ರಕ್ಕೆ ಮರುಳಾಗಬೇಡಿ, ಅದಕ್ಕಿಂತ ಹಿಂದಿನ ಪುಟಗಳನ್ನು ತಿರುವಿ. ಯಾರ ಜೊತೆ ಮಾತಾಡಿದ್ದಾರೆ? ಎಲ್ಲಿ ತಪ್ಪಿದೆ? ತಪ್ಪಿದ ಮೇಲೆ ಏನು ಬದಲಾಗಿದೆ? ಹತ್ತಕ್ಕೆ ಹತ್ತೂ ಒಂದೇ ಅಚ್ಚಿನಲ್ಲಿ ಇದ್ದರೆ ಅಲ್ಲಿ ಮೇಷ್ಟ್ರು ಒಂದು ಸೂತ್ರ ಕಲಿಸುತ್ತಿದ್ದಾರೆ ಅಂತ ಅರ್ಥ. ನಾನು ಕೆಲಸಕ್ಕೆ ಬರುವವರ ಪೋರ್ಟ್‌ಫೋಲಿಯೋ ನೋಡುವಾಗಲೂ ಇದೇ ಮಾಡುತ್ತೇನೆ. ಕಾಲೇಜಿನ ಹೆಸರು ಸಂದರ್ಶನದ ಬಾಗಿಲವರೆಗೆ ತರುತ್ತದೆ, ಅದು ಸುಳ್ಳಲ್ಲ. ಒಳಗೆ ಬಂದ ಮೇಲೆ ಮಾತಾಡುವುದು ಪ್ರಾಜೆಕ್ಟು.

ಮೇಷ್ಟ್ರುಗಳ ಲೆಕ್ಕ ಹಾಕಿ. ಕಾಯಂ ಇರುವವರು ಎಷ್ಟು, ವಾರಕ್ಕೊಮ್ಮೆ ಬಂದು ಹೋಗುವವರು ಎಷ್ಟು. ಬಂದು ಹೋಗುವವರು ಬೇಕು, ಅವರು ಹೊರಗಿನ ಗಾಳಿ ತರುತ್ತಾರೆ. ಆದರೆ ಎಲ್ಲರೂ ಅವರೇ ಆದರೆ ನೀವು ಕಷ್ಟದಲ್ಲಿದ್ದಾಗ ಬಾಗಿಲು ತಟ್ಟಲು ಯಾರೂ ಇರುವುದಿಲ್ಲ. ಬ್ಯಾಚಿನಲ್ಲಿ ಎಷ್ಟು ಜನ ಅಂತಲೂ ಕೇಳಿ. 15 ಜನರ ತರಗತಿಯಲ್ಲಿ ಪ್ರತಿಯೊಬ್ಬರ ಕೆಲಸದ ಮುಂದೆ ಮೇಷ್ಟ್ರು ನಿಲ್ಲಲು ಸಾಧ್ಯ, 60 ಜನರಿದ್ದರೆ ಅದು ಭಾಷಣ ಆಗುತ್ತದೆ. ಜೊತೆಗೆ ಓದುವವರು ಯಾರು ಅನ್ನುವುದಂತೂ ಮೇಷ್ಟ್ರಿಗಿಂತ ಒಂದು ಕೈ ಮೇಲು. ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ನೇಕಾರರ ಮಗಳು, ಒಬ್ಬ ಸಿವಿಲ್ ಇಂಜಿನಿಯರ್, ಒಬ್ಬರು ನರ್ಸ್ ಆಗಿದ್ದವರು ಕೂರುತ್ತಿದ್ದರು. ಬಣ್ಣದ ಬಗ್ಗೆ ನಾನು ಜಾಸ್ತಿ ಕಲಿತಿದ್ದು ಆ ನೇಕಾರರ ಮಗಳಿಂದ.

ಓದು ಮುಗಿಸಿ 2 ವರ್ಷ ಆದವರನ್ನು ಹುಡುಕಿ ಮಾತಾಡಿಸಿ. ಈಗಷ್ಟೇ ಮುಗಿಸಿದವರು ಹೊಗಳುತ್ತಾರೆ, ಓದುತ್ತಿರುವವರು ಬೈಯುತ್ತಾರೆ, 2 ವರ್ಷ ಆದವರು ಸಮಾಧಾನವಾಗಿ ಹೇಳುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಕಾಲೇಜು ಮತ್ತು ವಿಭಾಗ ಹಾಕಿ ಹುಡುಕಿದರೆ ಸಿಗುತ್ತಾರೆ. ಚಿಕ್ಕದಾಗಿ, ಮರ್ಯಾದೆಯಿಂದ, ಒಂದೆರಡು ನಿರ್ದಿಷ್ಟ ಪ್ರಶ್ನೆ ಕೇಳಿ ಬರೆದರೆ ಹೆಚ್ಚಿನವರು ಉತ್ತರಿಸುತ್ತಾರೆ. "ಕಾಲೇಜು ಹೇಗಿದೆ" ಅಂತ ಕೇಳಬೇಡಿ. "ನಿಮ್ಮ ಬ್ಯಾಚಿನಲ್ಲಿ ಕೆಲಸ ಬದಲಾಯಿಸಲು ಬಂದವರು ಈಗ ಎಲ್ಲಿದ್ದಾರೆ" ಅಂತ ಕೇಳಿ. ಪ್ಲೇಸ್‌ಮೆಂಟ್ ವಿಷಯಕ್ಕೂ ಅಷ್ಟೇ, ಅತಿ ಹೆಚ್ಚಿನ ಸಂಬಳದ ಅಂಕಿ ಕೈಬಿಡಿ, ಅದು ಒಬ್ಬರದ್ದು. ಎಷ್ಟು ಜನ ಕೂತರು, ಎಷ್ಟು ಜನರಿಗೆ ಡಿಸೈನ್ ಕೆಲಸವೇ ಸಿಕ್ಕಿತು, ಸಾಲಿನ ನಡುವಿನವರಿಗೆ ಎಷ್ಟು ಸಂಬಳ. ಇದನ್ನು ಹೇಳಲು ಹಿಂಜರಿಯುವ ಕಾಲೇಜನ್ನು ಪಟ್ಟಿಯಿಂದ ತೆಗೆದುಬಿಡಿ.

ಪರೀಕ್ಷೆ ಮತ್ತು ಪೋರ್ಟ್‌ಫೋಲಿಯೋ

ಸೀಡ್ ನಡೆಸುವುದು ಐಐಟಿ ಬಾಂಬೆ, ಸಾಮಾನ್ಯವಾಗಿ ಜನವರಿಯಲ್ಲಿ. ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಅಂಕ 1 ವರ್ಷ ಮಾತ್ರ ಊರ್ಜಿತ. ಎರಡು ಭಾಗ: ಮೊದಲನೆಯದು ಕಂಪ್ಯೂಟರಿನಲ್ಲಿ, ಎರಡನೆಯದು ಕಾಗದದ ಮೇಲೆ ಕೈಯಲ್ಲಿ ಬಿಡಿಸಿ ಬರೆಯುವುದು. ಮೊದಲ ಭಾಗದಲ್ಲಿ ತೇರ್ಗಡೆಯಾದವರ ಎರಡನೇ ಭಾಗವನ್ನು ಮಾತ್ರ ತಿದ್ದುತ್ತಾರೆ. ಆದರೆ ಕೊನೆಯ ಲೆಕ್ಕದಲ್ಲಿ ಎರಡನೆಯದಕ್ಕೆ ಮುಕ್ಕಾಲು ಪಾಲು ತೂಕ. ಹಳೆಯ ಪ್ರಶ್ನೆಪತ್ರಿಕೆಗಳು ಸೀಡ್ ತಾಣದಲ್ಲೇ ಉಚಿತವಾಗಿ ಸಿಗುತ್ತವೆ, ಸಾವಿರಾರು ರೂಪಾಯಿಯ ಕೋಚಿಂಗ್‌ಗೆ ಸೇರುವ ಮೊದಲು ಅವುಗಳಲ್ಲಿ ಐದನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಪದವಿ ಆಗಲೀ ಡಿಪ್ಲೊಮಾ ಆಗಲೀ, ಪಿಯುಸಿ ನಂತರ 3 ವರ್ಷ ಓದಿದ ಯಾರೇ ಆದರೂ ಸೀಡ್ ಬರೆಯಬಹುದು, ಬಿ.ಕಾಂ ಆದವರೂ ಕೂಡ. ಆದರೆ ಸೀಟು ಕೊಡುವುದು ಆಯಾ ಸಂಸ್ಥೆ, ಅದರ ನಿಯಮ ಬೇರೆ ಇರುತ್ತದೆ. ಕೆಲವು ವಿಭಾಗಗಳಿಗೆ ಬಿ.ಇ., ಬಿ.ಆರ್ಕ್, ಬಿ.ಡೆಸ್ ಮುಂತಾದ, ಕನಿಷ್ಠ 4 ವರ್ಷದ ಡಿಗ್ರಿಯೇ ಬೇಕು. ಒಳ್ಳೆಯ ರ‍್ಯಾಂಕ್ ಬಂದ ಮೇಲೆ ಅರ್ಹತೆ ಇಲ್ಲ ಅಂತ ತಿಳಿದು ಅತ್ತವರಿದ್ದಾರೆ. ಅರ್ಜಿ ಹಾಕುವ ದಿನವೇ, ನೀವು ಬಯಸುವ ವಿಭಾಗದ ಪುಟ ತೆರೆದು ನಿಮ್ಮ ಡಿಗ್ರಿಯ ಹೆಸರು ಅಲ್ಲಿದೆಯಾ ನೋಡಿ. ಐಐಎಸ್‌ಸಿಗೆ ಸೀಡ್ ಅಲ್ಲದೆ ಗೇಟ್ (ಎಂ.ಟೆಕ್ ಸೇರಲು ಬರೆಯುವ ಪರೀಕ್ಷೆ) ಅಂಕದಿಂದಲೂ ಹೋಗಬಹುದು. ಎನ್‌ಐಡಿಗೆ ಅದರದ್ದೇ ಪರೀಕ್ಷೆ, ಪ್ರಿಲಿಮ್ಸ್ ಆದ ಮೇಲೆ ಮೇನ್ಸ್, ಆಮೇಲೆ ಸಂದರ್ಶನ.

"ನನಗೆ ಡ್ರಾಯಿಂಗ್ ಬರೋದಿಲ್ಲ" ಅನ್ನುವವರಿಗೆ: ಇಲ್ಲಿ ಬೇಕಿರುವುದು ಯೋಚನೆಯನ್ನು ಕಾಗದದ ಮೇಲೆ ಇಳಿಸುವಷ್ಟು ಗೆರೆ. ದಿನಕ್ಕೆ ಅರ್ಧ ಗಂಟೆ, 6 ತಿಂಗಳು. ಮೊದಲು ಡಬ್ಬಿ, ಲೋಟ, ಕುರ್ಚಿ. ಆಮೇಲೆ ಕೈ, ಕೂತ ಮನುಷ್ಯ, ನಿಂತ ಮನುಷ್ಯ, ತರಕಾರಿ ತೂಗುತ್ತಿರುವ ಮನುಷ್ಯ. ಅಷ್ಟಾದರೆ ಸಾಕು.

ಪೋರ್ಟ್‌ಫೋಲಿಯೋದಲ್ಲಿ ಮೂರು ನಾಲ್ಕು ಕೆಲಸ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಹೊಸ ದಾರಿಗೆ ಬರುವವರು ತಮ್ಮ ಹಳೆಯ ಕೆಲಸವನ್ನು ಮುಚ್ಚಿಡುತ್ತಾರೆ, ನಾನೂ ಮುಚ್ಚಿಟ್ಟಿದ್ದೆ. ಎರಡನೇ ಸಲ ಅರ್ಜಿ ಹಾಕಿದಾಗ, ಟೆಸ್ಟಿಂಗ್‌ನಲ್ಲಿ ಕಂಡ ಒಂದು ಘಟನೆಯನ್ನೇ ಮೊದಲ ಪುಟದಲ್ಲಿಟ್ಟೆ. ಒಂದು ಹಣ ಕಳಿಸುವ ಪರದೆಯಲ್ಲಿ "ರದ್ದು" ಮತ್ತು "ಮುಂದೆ" ಗುಂಡಿಗಳು ಅಕ್ಕಪಕ್ಕ ಒಂದೇ ಬಣ್ಣದಲ್ಲಿದ್ದವು. ಅದನ್ನು ದೋಷ ಅಂತ ದಾಖಲಿಸಲು ನಮ್ಮ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ, ಯಾಕೆಂದರೆ ಎರಡೂ ಗುಂಡಿ ಸರಿಯಾಗಿಯೇ ಕೆಲಸ ಮಾಡುತ್ತಿದ್ದವು. ಸಂದರ್ಶನದಲ್ಲಿ ಅರ್ಧ ಗಂಟೆ ಬರೀ ಅದರ ಬಗ್ಗೆಯೇ ಮಾತಾಯಿತು.

ಊರಿನ ಕಡೆಯಿಂದ ಬಂದವರಿಗೆ ಒಂದು ಮಾತು. ಇಂಗ್ಲಿಷ್ ಸರಾಗ ಇಲ್ಲ ಅಂತ ಹೆದರಬೇಡಿ. ನಿಮ್ಮ ಹತ್ತಿರ ಇರುವುದು ಬೇರೆಯವರ ಹತ್ತಿರ ಇಲ್ಲ. ಅಡಿಕೆ ಸುಲಿಯುವ ಮನೆಯಲ್ಲಿ ಬೆಳೆದವರಿಗೆ ಮೆಟ್ಟುಗತ್ತಿಯ ಮುಂದೆ ಕೂತು ಕೂತು ಸೊಂಟ ಎಲ್ಲಿ ನೋಯುತ್ತದೆ ಅಂತ ಗೊತ್ತು. ಇಳಕಲ್ಲಿನ ಮಗ್ಗದ ಮನೆಯವರಿಗೆ ಸೆರಗನ್ನು ಒಡಲಿಗೆ ಕೂಡಿಸುವ ಕೊಂಡಿ ಗೊತ್ತು. ಚನ್ನಪಟ್ಟಣದವರಿಗೆ ಅರಗು ಮರಕ್ಕೆ ಹೇಗೆ ಹಿಡಿಯುತ್ತದೆ ಅಂತ ಗೊತ್ತು. ಅದನ್ನು ಅಳತೆ, ಚಿತ್ರ, ಫೋಟೋ ಸಮೇತ ಒಂದು ಪ್ರಾಜೆಕ್ಟಾಗಿ ಮಾಡಿ. ಹೊಸ ಆ್ಯಪ್‌ನ 20 ಪರದೆಗಿಂತ ಅದು ಸಂದರ್ಶನದಲ್ಲಿ ಎದುರು ಕೂತವರ ಗಮನ ಸೆಳೆಯುತ್ತದೆ.

ದುಡ್ಡಿನ ಲೆಕ್ಕ

ಜನ ಫೀಸನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಬಿಟ್ಟುಹೋಗುವ ಸಂಬಳ ಅದಕ್ಕಿಂತ ದೊಡ್ಡದು. ತಿಂಗಳಿಗೆ 60,000 ರೂಪಾಯಿ ಕೈಗೆ ಬರುತ್ತಿದೆ ಅಂದುಕೊಳ್ಳಿ. 24 ತಿಂಗಳಿಗೆ 14,40,000. ಎನ್‌ಐಡಿಯ 30 ತಿಂಗಳಿಗೆ 18,00,000. ಆ 6 ತಿಂಗಳ ವ್ಯತ್ಯಾಸವೇ 3,60,000. ಇದರ ಮೇಲೆ ಫೀಸು, ಹಾಸ್ಟೆಲ್, ಲ್ಯಾಪ್‌ಟಾಪ್, ಮಾಡೆಲ್ ಮಾಡುವ ಸಾಮಾನು. ಸಾಮಾನಿನ ಖರ್ಚು ಯಾರೂ ಹೇಳುವುದಿಲ್ಲ, ಪ್ರಾಡಕ್ಟ್ ವಿಭಾಗದಲ್ಲಿ ಅದು ತಿಂಗಳು ತಿಂಗಳೂ ಕೈ ಕಚ್ಚುತ್ತದೆ. ಕೆಲವು ಸರ್ಕಾರಿ ಸಂಸ್ಥೆಗಳಲ್ಲಿ ಎಂ.ಟೆಕ್‌ನವರಿಗೆ ಇರುವಂತೆ ಎಂ.ಡೆಸ್‌ನವರಿಗೂ ತಿಂಗಳ ವೇತನ ಸಿಗುತ್ತದೆ, ಅದನ್ನು ಸೀಟು ಒಪ್ಪಿಕೊಳ್ಳುವ ಮೊದಲೇ ಕೇಳಿ.

ಸಾಲಕ್ಕೆ ವಿದ್ಯಾಲಕ್ಷ್ಮಿ ತಾಣದಿಂದ ಅರ್ಜಿ ಹಾಕಬಹುದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡ ಇಡಬೇಕಾಗಿಲ್ಲ. ಹೆಸರಾದ ಸರ್ಕಾರಿ ಸಂಸ್ಥೆಯ ಸೀಟು ಕೈಯಲ್ಲಿದ್ದರೆ ಬ್ಯಾಂಕಿನವರ ಮಾತೇ ಬದಲಾಗುತ್ತದೆ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇ ಅಡಿ 8 ವರ್ಷದವರೆಗೆ ತೆರಿಗೆ ವಿನಾಯಿತಿ ಬರುತ್ತಿದ್ದದ್ದು ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ, ಹೊಸ ಪದ್ಧತಿ ಆರಿಸಿಕೊಂಡವರು ಅದನ್ನು ನೆಚ್ಚಿಕೊಳ್ಳಬೇಡಿ. ಮನೆಗೆ ದುಡ್ಡು ಕಳಿಸುವವರಾದರೆ ಕೆಲಸ ಬಿಡುವ ಮೊದಲು 6 ತಿಂಗಳ ಮನೆಖರ್ಚು ಬೇರೆಯಾಗಿ ತೆಗೆದಿಡಿ. ನಾನು ಹಾಗೆ ತೆಗೆದಿಟ್ಟ ದುಡ್ಡನ್ನು ಅಮ್ಮನ ಖಾತೆಯಲ್ಲೇ ಹಾಕಿಟ್ಟೆ. "ಈ ವಯಸ್ಸಲ್ಲಿ ಮತ್ತೆ ಓದಾ?" ಅನ್ನುತ್ತಿದ್ದ ಅಮ್ಮನಿಗೆ ಅದು ಬಹಳ ಧೈರ್ಯ ಕೊಟ್ಟಿತು.

ಹೊರದೇಶಕ್ಕೆ ಹೋಗುವುದಾದರೆ

ಇಲ್ಲಿ ಕೋರ್ಸಿನ ಜೊತೆ ವೀಸಾವನ್ನೂ ಓದಬೇಕು. ಅಮೆರಿಕದಲ್ಲಿ ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಅವಕಾಶ. ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಡಿಸೈನ್ ಕೋರ್ಸುಗಳಲ್ಲಿ ಕೆಲವು ಆ ಪಟ್ಟಿಯಲ್ಲಿವೆ, ಕೆಲವು ಇಲ್ಲ, ಹೆಸರು ನೋಡಿದರೆ ತಿಳಿಯುವುದಿಲ್ಲ. ಕೋರ್ಸು ಯಾವ ವಿಷಯದ ವರ್ಗಕ್ಕೆ ಸೇರುತ್ತದೆ ಅಂತ ತೋರಿಸುವ ಸಿಐಪಿ ಸಂಖ್ಯೆ ಯಾವುದು ಅಂತ ಪ್ರವೇಶ ವಿಭಾಗಕ್ಕೆ ಒಂದು ಮೇಲ್ ಹಾಕಿ ಕೇಳಿ. ದೊಡ್ಡ ಸಾಲ ಮಾಡಿ ಹೋಗುವವರಿಗೆ ಈ ಒಂದು ಸಂಖ್ಯೆ ಬಹಳ ದೊಡ್ಡದು. ಕಾರ್ನೆಗಿ ಮೆಲನ್‌ನ ಎಂಎಚ್‌ಸಿಐ (ಮನುಷ್ಯ ಮತ್ತು ಕಂಪ್ಯೂಟರಿನ ನಡುವಿನ ಒಡನಾಟದ ಓದು) ತರಹದವು ಚಿಕ್ಕವು, ಬಿಗಿಯಾದವು, ಈಗಾಗಲೇ ಸಾಫ್ಟ್‌ವೇರ್ ಕಡೆ ಇದ್ದು ಬಳಕೆದಾರರ ಕಡೆ ತಿರುಗುವವರಿಗೆ ಹೊಂದುತ್ತವೆ.

ಯುರೋಪಿನಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್, ಸ್ವೀಡನ್ನಿನ ಉಮಿಯೊ, ಫಿನ್‌ಲ್ಯಾಂಡಿನ ಆಲ್ಟೊ, ಇಟಲಿಯ ಮಿಲಾನ್ ಪಾಲಿಟೆಕ್ನಿಕ್ ಇವೆ. ಡೆಲ್ಫ್ಟ್‌ನದು 2 ವರ್ಷ, ಎಂಜಿನಿಯರುಗಳಿಗೆ ಒಗ್ಗುವ ಮನೋಭಾವ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಹೆಚ್ಚಿನ ಎಂ.ಎ.ಗಳು ಈಗ 1 ವರ್ಷದವು, ಅಲ್ಲಿಗೆ ಹೋಗುವ ಮೊದಲು ಕೈ ಪಳಗಿರಬೇಕು. ಬ್ರಿಟನ್ನಿನಲ್ಲಿ ಓದಿನ ನಂತರ ಉಳಿಯುವ ಅವಧಿ 2 ವರ್ಷ ಇದ್ದದ್ದು 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಾಗುತ್ತದೆ. ಜರ್ಮನಿಯಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅಂತ ಕೇಳಿ ಎಲ್ಲರೂ ಹೊರಡುತ್ತಾರೆ. ಆದರೆ ಡಿಸೈನಿಗೆ ಹೆಸರಾದ ಫೋರ್ಟ್ಸ್‌ಹೈಮ್, ಶ್ವೇಬಿಶ್ ಗ್ಮುಂಡ್ ಎರಡೂ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಪಾಠ ಜರ್ಮನ್ನಿನಲ್ಲಾ ಇಂಗ್ಲಿಷಿನಲ್ಲಾ ಅನ್ನುವುದನ್ನೂ ನೋಡಿಕೊಳ್ಳಿ.

ಕೆಲಸ ಬಿಡಲು ಆಗುವುದೇ ಇಲ್ಲ ಅನ್ನುವವರು ಬೇಸರಪಡಬೇಡಿ. ನಿಮ್ಮ ಕಂಪನಿಯಲ್ಲೇ ಡಿಸೈನ್ ತಂಡ ಇದ್ದರೆ, ಅವರು ಬಳಕೆದಾರರನ್ನು ನೋಡಲು ಹೋಗುವಾಗ "ನಾನೂ ಬರ್ತೀನಿ, ಟಿಪ್ಪಣಿ ಬರ್ಕೊಳ್ತೀನಿ" ಅನ್ನಿ. ಬೇಡ ಅನ್ನುವವರು ಕಡಿಮೆ. 1 ವರ್ಷ ಹಾಗೆ ಹೋಗಿ ಬಂದು, ಒಳಗಿನಿಂದಲೇ ತಂಡ ಬದಲಾಯಿಸಿಕೊಂಡ ಇಬ್ಬರು ನನ್ನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದಾರೆ.

ದಾವಣಗೆರೆಯ ಹುಡುಗ ಅರ್ಜಿ ಹಾಕುವ ಮೊದಲು ಮಾಡಿದ್ದು ಹೀಗೆ. ಬೆಂಗಳೂರಿನಲ್ಲೇ ಇದ್ದನಲ್ಲ, ವಿಭಾಗಗಳಿಗೆ ಮೊದಲೇ ಮೇಲ್ ಬರೆದು ಒಪ್ಪಿಗೆ ಪಡೆದು, ಒಂದೇ ದಿನ ರಜೆ ಹಾಕಿ, ಬೆಳಿಗ್ಗೆ ಐಐಎಸ್‌ಸಿಗೆ ಹೋದ, ಮಧ್ಯಾಹ್ನ ಯಶವಂತಪುರದಲ್ಲಿ ಊಟ ಮುಗಿಸಿ ಎನ್‌ಐಡಿ ಕ್ಯಾಂಪಸ್ಸಿಗೆ ಹೋದ. ಎರಡೂ ಕಡೆ ಮಕ್ಕಳ ಜೊತೆ ಒಂದೊಂದು ಗಂಟೆ ಕೂತ. ಸಂಜೆ ಫೋನ್ ಮಾಡಿ, "ಅಕ್ಕಾ, ಬೆಳಿಗ್ಗೆ ಹೋದ ಕಡೆ ಒಬ್ಬರು ಮುರಿದುಹೋದ ಒಂದು ಮಾಡೆಲ್ ಹಿಡ್ಕೊಂಡು ಎಲ್ಲಿ ಬಿರುಕು ಬಿತ್ತು ಅಂತ ನಂಗೇ ಕೇಳಿದ್ರು. ನನ್ನ ಫಿಕ್ಸ್‌ಚರ್ ಕೆಲಸ ಅಲ್ಲಿ ಉಪಯೋಗಕ್ಕೆ ಬಂತು" ಅಂದ. ಮರುದಿನ ಗೇಟ್ ಪುಸ್ತಕ ತಂದ, ಸೀಡ್‌ಗೂ ಅರ್ಜಿ ತುಂಬಿದ. ನೀವು ಹಾಗೆ ನೋಡಲು ಹೋಗುವುದಾದರೆ ಸೆಮಿಸ್ಟರ್ ನಡೆಯುತ್ತಿರುವಾಗ, ವಾರದ ನಡುವೆ ಹೋಗಿ. ಗೇಟಿನಲ್ಲಿ ಕೇಳಿದರೆ ತೋರಿಸಲು ಗುರುತಿನ ಚೀಟಿ ಮತ್ತು ಆ ಮೇಲ್‌ನ ಪ್ರತಿ ಜೊತೆಗಿರಲಿ.